‘ಮೈಸೂರು’ ಯುದ್ಧನೌಕೆಯ ಪ್ರತಿಕೃತಿ: ಅದರ ನಿರ್ಮಾಣ ವಿಧಾನ

ಮಂಗಳೂರು ನಗರದ ಪಡುಬದಿಯಲ್ಲಿ, ಫಲ್ಗುಣೀ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ಮರಳಿನ ನಾಲಗೆಯೇ ಬೆಂಗ್ರೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಜನರು ಗುರುಪುರ ಹೊಳೆಯೆಂದು ಕರೆಯುವ ಫಲ್ಗುಣಿ. ಹೊಳೆಯ ಆಚೆ ದಡದ ಬೋಳೂರಿನಲ್ಲಿ, ಶತ್ರುವಿನ ಯುದ್ಧನೌಕೆಗಳು ಒಳನುಗ್ಗದಂತೆ ಟಿಪ್ಪುಸುಲ್ತಾನನು 1784ರಲ್ಲಿ ಕಪ್ಪುಕಲ್ಲಿನಿಂದ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಈಚೆ ದಡದಲ್ಲಿ ಮೀನುಗಾರಿಕೆಯ ದೋಣಿಗಳನ್ನು ಕಟ್ಟುವ, ದುರಸ್ತಿ ಮಾಡುವ ಕೆಲಸ ನಡೆಯುತ್ತದೆ. ಇಲ್ಲಿಯ ಬಾಲಕನು ಅಕ್ಷರ ಕಲಿಯುವುದಕ್ಕೆ ಮೊದಲೇ ದೋಣಿಯ ಒಡಲನ್ನು ಅಂಗೈಯಿಂದ ಸವರಿ ಅದರ ಬಾಗನ್ನು ಬಲ್ಲವನಾಗಿರುತ್ತಾನೆ. ಹಡಗಿನ ಪ್ರತಿಕೃತಿಯನ್ನು ಕುರಿತು ಹೇಳತೊಡಗುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ.

ಮರದ ದೋಣಿ ಕಟ್ಟುವ ಮೇಸ್ತ್ರಿಗೆ ಕಣ್ಣಳತೆಯೇ ನಕ್ಷೆ; ಬಾಗಿದ ಹಲಗೆ ಕಣ್ಣಿಗೆ ಒಪ್ಪಿತೆಂದರೆ ನೀರಿಗೂ ಒಪ್ಪುತ್ತದೆ. ಪ್ರತಿಕೃತಿಕಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಮಾಡುವುದು ಹೊಸ ಹಡಗನ್ನಲ್ಲ, ಇದ್ದ ಹಡಗೊಂದರ ಪಡಿಯಚ್ಚನ್ನು. ಪೂರ್ವದಲ್ಲಿ ಇದು ತಿರುವುಮುರುವಾಗಿತ್ತು: ಮಾದರಿ ಮೊದಲು, ಹಡಗು ಆಮೇಲೆ. 1796ರಲ್ಲಿ ಟಿಪ್ಪು ದೊಡ್ಡ ನೌಕಾಬಲವನ್ನು ಕಟ್ಟಲು ಆಜ್ಞೆ ಹೊರಡಿಸಿ, ಮಂಗಳೂರೂ ಸೇರಿದಂತೆ ಕರಾವಳಿಯ ಹಡಗುಕಟ್ಟೆಗಳಿಗೆ ಕೆಲಸ ಹಂಚಿದಾಗ, ಹಡಗಿನ ಮಾದರಿಯನ್ನು ತಾನೇ ಒದಗಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಅಂದಮೇಲೆ ಇದನ್ನು ಮಕ್ಕಳಾಟಿಕೆಯೆಂದು ತಳ್ಳಿಹಾಕುವುದು ಅಜ್ಞಾನವೇ ಸರಿ.

ಕನ್ನಡನಾಡಿನ ವಿದ್ಯಾರ್ಥಿಯು ಪ್ರತಿಕೃತಿಗಾಗಿ ಯಾವ ನೌಕೆಯನ್ನು ಆರಿಸಿಕೊಳ್ಳಬೇಕು? ನಾಡಿನ ಹೆಸರನ್ನೇ ಹೊತ್ತ ಐಎನ್‌ಎಸ್ ಮೈಸೂರು ಎಂಬ ಕ್ರೂಸರ್ ನೌಕೆಯು ಎಲ್ಲ ವಿಧದಿಂದಲೂ ಯೋಗ್ಯವಾದುದು. ಅದರ ಲಾಂಛನ ಗಂಡಭೇರುಂಡ. ಅದರ ಧ್ಯೇಯವಾಕ್ಯವು ‘ಎಂದಿಗೂ ಅಂಜುವುದಿಲ್ಲ’ ಎಂಬರ್ಥದ ತೈತ್ತಿರೀಯೋಪನಿಷತ್ತಿನ ಮಾತು. ಆದರೆ ಈ ಹಡಗು ಹುಟ್ಟಿದ್ದು ಬೇರೆ ಹೆಸರಿನಲ್ಲಿ. ಇಂಗ್ಲೆಂಡಿನ ಟೈನ್ ನದಿಯ ದಡದಲ್ಲಿ 1939ರ ಜುಲೈ 18ರಂದು ನೀರಿಗಿಳಿದಾಗ ಇದು ಬ್ರಿಟಿಷ್ ನೌಕಾಪಡೆಯ ‘ನೈಜೀರಿಯಾ’. 1941ರ ಸೆಪ್ಟೆಂಬರಿನಲ್ಲಿ ಉತ್ತರ ಸಮುದ್ರಗಳಲ್ಲಿ ‘ಬ್ರೆಮ್ಸೆ’ ಎಂಬ ಜರ್ಮನ್ ನೌಕೆಯೊಡನೆ ಕಾದಿತು. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ ಇಂಧನಗಳನ್ನು ಒಯ್ಯುತ್ತಿದ್ದ ಹಡಗುಗಳ ಬೆಂಗಾವಲಿನಲ್ಲಿದ್ದಾಗ ‘ಆಕ್ಸಮ್’ ಎಂಬ ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೋ ಏಟು ತಿಂದೂ ಮುಳುಗದೆ ಉಳಿಯಿತು. 1954ರಲ್ಲಿ ಭಾರತವು ಅದನ್ನು ಕೊಂಡಿತು. ಬರ್ಕನ್‌ಹೆಡ್ಡಿನಲ್ಲಿ ಆಮೂಲಾಗ್ರವಾಗಿ ನವೀಕರಣಗೊಂಡು 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಧ್ವಜನೌಕೆಯಾಗಿತ್ತು. 1985ರ ಆಗಸ್ಟ್‌ನಲ್ಲಿ ನಿವೃತ್ತಿ ಹೊಂದಿತು.

ಇಂದು ಆ ಹಡಗು ಇಲ್ಲ. 1999ರಲ್ಲಿ ಸೇವೆಗೆ ಸೇರಿದ, ಅದೇ ಹೆಸರಿನ ವಿಧ್ವಂಸಕ ನೌಕೆಯು ರೂಪದಲ್ಲಿಯೂ ಆಯುಧದಲ್ಲಿಯೂ ಸಂಪೂರ್ಣ ಬೇರೆ. ಹೋಗಿ ಅಳೆದು ನೋಡುವುದಕ್ಕೆ ಮೂಲವೇ ಇಲ್ಲದಿರುವಾಗ, ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿರುವ ಪ್ರತಿಕೃತಿಯನ್ನೇ ಜನರು ಪ್ರಮಾಣವೆಂದು ನಂಬುತ್ತಾರೆ. ಅಲ್ಲಿ ನುಸುಳಿದ ತಪ್ಪು ಇತಿಹಾಸದ ತಪ್ಪೇ ಆಗಿ ನಿಲ್ಲುತ್ತದೆ. ಆದಕಾರಣ ಉಳಿ ಕೀಸುಳಿಗಳನ್ನು ಮುಟ್ಟುವುದಕ್ಕೆ ಮುನ್ನ ತೀರ್ಮಾನಿಸಬೇಕಾದ ಪ್ರಶ್ನೆಯೊಂದಿದೆ: ಯಾವ ವರ್ಷದ ಹಡಗು?

ಈ ಪ್ರಶ್ನೆಯನ್ನು ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ. 1942ರ ನೈಜೀರಿಯಾದಲ್ಲಿ ತಿರುಗುವ ಫಿರಂಗಿ ಗೋಪುರಗಳು ನಾಲ್ಕು: ಮುಂದೆ ಎರಡು, ಹಿಂದೆ ಎರಡು. ಗೋಪುರಕ್ಕೆ ಮೂರರಂತೆ ಆರಂಗುಲ ಬಾಯಿಯ ಫಿರಂಗಿಗಳು ಹನ್ನೆರಡು. ಬರ್ಕನ್‌ಹೆಡ್ಡಿನ ನವೀಕರಣದಲ್ಲಿ ಹಿಂಬದಿಯ ಎರಡು ಗೋಪುರಗಳಲ್ಲಿ ಮೇಲಿನದನ್ನು ತೆಗೆದುಹಾಕಿದರು. ಆದ್ದರಿಂದ 1971ರ ಮೈಸೂರಿನಲ್ಲಿ ಗೋಪುರಗಳು ಮೂರು, ಫಿರಂಗಿಗಳು ಒಂಬತ್ತು. ಟಾರ್ಪೆಡೋ ಕೊಳವೆಗಳೂ ಹೋದವು. ಮುಕ್ಕಾಲಿಯಂತಿದ್ದ ಕೂವೆಮರಗಳ ಬದಲು ಜಾಲರಿಯ ಕೂವೆಕಂಬಗಳು ಬಂದವು. ನಾಯಕನು ನಿಲ್ಲುವ ಮೇಲಟ್ಟವೇ ಬದಲಾಯಿತು. ಇನ್ನು ಧ್ವಜ. 1942ರದು ಬಿಳಿಯ ಬಟ್ಟೆಯ ಮೇಲೆ ಕೆಂಪು ಶಿಲುಬೆ, ಮೂಲೆಯಲ್ಲಿ ಬ್ರಿಟನ್ನಿನ ಧ್ವಜ; 1971ರದರಲ್ಲಿಯೂ ಅದೇ ಕೆಂಪು ಶಿಲುಬೆ, ಆದರೆ ಮೂಲೆಯಲ್ಲಿ ನಮ್ಮ ತ್ರಿವರ್ಣ. 2022ರಲ್ಲಿ ಅಂಗೀಕೃತವಾದ ಶಿಲುಬೆಯಿಲ್ಲದ ನೌಕಾಧ್ವಜವನ್ನು ದೇಶಾಭಿಮಾನದ ಭರದಲ್ಲಿ ಆ ಹಡಗಿನ ಮೇಲೆ ಹಾರಿಸಿದರೆ ಅದು ಅಭಿಮಾನವಾದೀತೇ ಹೊರತು ಸತ್ಯವಾಗದು. ಹನ್ನೆರಡು ಫಿರಂಗಿಗಳನ್ನಿಟ್ಟು ‘ಮೈಸೂರು’ ಎಂದು ಬರೆಯುವುದು ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಅಂಟಿಸಿದಂತೆ.

ಕಾಲ ನಿಶ್ಚಯವಾದ ಮೇಲೆ ಅಳತೆ. ಹಡಗಿನ ಉದ್ದ 169.3 ಮೀಟರು, ಅಗಲ 18.9 ಮೀಟರು. ಇನ್ನೂರರಲ್ಲಿ ಒಂದು ಪಾಲು, ಅಂದರೆ 1:200ರ ಅಳತೆಯನ್ನು ಹಿಡಿದರೆ ಪ್ರತಿಕೃತಿಯ ಉದ್ದ 84.6 ಸೆಂಟಿಮೀಟರು, ಅಗಲ ಒಂಬತ್ತೂವರೆ ಸೆಂಟಿಮೀಟರಿಗೆ ಕೊಂಚ ಕಡಿಮೆ. ಶಾಲೆಯ ಮೇಜಿಗೆ ಇದು ಹಿತವಾದ ಗಾತ್ರ. ಐದೂವರೆ ಅಡಿಯ ನಾವಿಕನು ಇಲ್ಲಿ ಎಂಟು ಮಿಲಿಮೀಟರಿನ ಗೊಂಬೆ; ಪಾರ್ಶ್ವದ ಮೂರೂಕಾಲು ಇಂಚಿನ ಉಕ್ಕಿನ ಕವಚವು ಅರ್ಧ ಮಿಲಿಮೀಟರೂ ಇಲ್ಲ. ಗಂಡಭೇರುಂಡ ಲಾಂಛನವನ್ನು ನಿಜವಾದ ಅಳತೆಯಲ್ಲಿ ಬರೆದರೆ ಅಕ್ಕಿಕಾಳಿನಷ್ಟೂ ಆಗದು. ಪ್ರೀತಿಯಿಂದ ಅದನ್ನು ಹಿಗ್ಗಿಸಿ ಬರೆಯುವ ಆಸೆಯನ್ನು ಅದುಮಿಕೊಳ್ಳಬೇಕು.

ತೂಕದ ವಿಷಯವು ಗಣಿತದ ಅಧ್ಯಾಪಕರಿಗೆ ಒಪ್ಪಿಸತಕ್ಕ ಪಾಠ. ಉದ್ದವು ಇನ್ನೂರು ಪಾಲು ಕುಗ್ಗಿದಾಗ ತೂಕವು ಇನ್ನೂರರ ಘನ, ಅಂದರೆ ಎಂಬತ್ತು ಲಕ್ಷ ಪಾಲು ಕುಗ್ಗುತ್ತದೆ. ಹಡಗು ಮೊದಲು ಕಟ್ಟಿದಾಗಿನ ತೂಕ 8,530 ಟನ್ನು. ಆ ಲೆಕ್ಕದಲ್ಲಿ ಪ್ರತಿಕೃತಿಯು ಒಂದು ಕಿಲೋಗ್ರಾಮಿಗೆ ತುಸು ಮೇಲೆ ತೂಗಿದರೆ ಮಾತ್ರ ಹಡಗು ಮುಳುಗುವಷ್ಟೇ ಆಳಕ್ಕೆ ತಾನೂ ಮುಳುಗಿ ತೇಲುತ್ತದೆ. ಗಟ್ಟಿಮರದ ತುಂಡೊಂದನ್ನು ಕೆತ್ತಿದರೆ ತೂಕ ಇದನ್ನು ಸುಲಭವಾಗಿ ಮೀರುತ್ತದೆ. ಹಾಗಾಗಿ ಮರ ಹಗುರಾಗಿರಬೇಕು, ಒಡಲು ಟೊಳ್ಳಾಗಿರಬೇಕು.

ಹಗುರ ಮರವೆಂದರೆ ನಮ್ಮಲ್ಲಿ ಹಾಲೆಮರ. ಆಟಿ ಅಮಾವಾಸ್ಯೆಯ ಮುಂಜಾನೆ ಇದರ ತೊಗಟೆಯ ಕಷಾಯ ಕುಡಿಯುವ ತುಳುವರು ಇದನ್ನು ಪಾಲೆಯ ಮರ ಎನ್ನುತ್ತಾರೆ. ಹಿಂದೆ ಶಾಲೆಗಳ ಬರೆಯುವ ಹಲಗೆಗಳಿಗೆ ಇದೇ ಮರವಾದುದರಿಂದ ಸಸ್ಯಶಾಸ್ತ್ರಜ್ಞರು ಇದರ ಹೆಸರಿನಲ್ಲಿ ‘ಸ್ಕೊಲಾರಿಸ್’ ಎಂಬ ಪದವನ್ನೇ ಸೇರಿಸಿದ್ದಾರೆ. ವಿದ್ಯಾರ್ಥಿಯ ಕೈಕೆಲಸಕ್ಕೆ ಇದಕ್ಕಿಂತ ಸಲ್ಲುವ ಮರ ಯಾವುದು?

ಒಡಲನ್ನು ಕಟ್ಟುವ ಕ್ರಮ ಬೆಂಗ್ರೆಯ ದೋಣಿಯದಲ್ಲ. ಅಲ್ಲಿ ತಳದ ಬೆನ್ನುಮರಕ್ಕೆ ಪಕ್ಕೆಲುಬಿನಂತಹ ಮರಗಳನ್ನು ನಿಲ್ಲಿಸಿ ಹೊರಗಡೆ ಹಲಗೆ ಹೊದಿಸುತ್ತಾರೆ. ಪ್ರತಿಕೃತಿಯಲ್ಲಿ ಸೆಂಟಿಮೀಟರಿನಷ್ಟು ದಪ್ಪದ ಹಲಗೆಗಳನ್ನು ಜೋಳದ ರೊಟ್ಟಿಗಳಂತೆ ಒಂದರ ಮೇಲೊಂದು ಒಟ್ಟಲಾಗುತ್ತದೆ. ಹಡಗನ್ನು ಆಯಾ ಎತ್ತರದಲ್ಲಿ ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರವನ್ನು ನಕ್ಷೆಯಿಂದ ಒಂದೊಂದು ಹಲಗೆಗೂ ಇಳಿಸಿ, ಹೊರಗೆರೆಯನ್ನು ಕೊಯ್ದು, ಮೇಲಿನ ಹಲಗೆಗಳ ನಡುಭಾಗವನ್ನೂ ಕೊಯ್ದು ತೆಗೆದು, ಅಂಟು ಹಚ್ಚಿ ಬಿಗಿಯಬೇಕು. ಅಂಟು ಒಣಗಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚುಗಳನ್ನು ಉಳಿಯಿಂದಲೂ ಅರದಿಂದಲೂ ತೆಗೆದು ಉಪ್ಪುಕಾಗದದಿಂದ ತಿಕ್ಕಿದರೆ ಒಡಲು ಮೂಡುತ್ತದೆ. ದಪ್ಪಕಾಗದದಲ್ಲಿ ಅಡ್ಡಸೀಳಿನ ಅಚ್ಚುಗಳನ್ನು ಕತ್ತರಿಸಿಟ್ಟುಕೊಂಡು, ಅಂಗುಲ ಅಂಗುಲಕ್ಕೂ ಒಡಲಿಗೆ ಹಿಡಿದು ಬೆಳಕು ನುಸುಳುವುದೇ ಎಂದು ನೋಡುತ್ತಿರಬೇಕು. ದೋಣಿಯ ಮೇಸ್ತ್ರಿಯ ಕಣ್ಣು ಇಲ್ಲಿಯೂ ಬೇಕು. ಆದರೆ ಕಣ್ಣಿಗಿಂತ ಅಚ್ಚಿನ ಮಾತೇ ಮೇಲು. ಬ್ರಿಟಿಷ್ ಯುದ್ಧನೌಕೆಗಳ ನಕ್ಷೆಗಳ ದೊಡ್ಡ ಸಂಗ್ರಹವು ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿದೆ. ನವೀಕರಣದ ನಂತರದ ರೂಪಕ್ಕೆ ಅಂದಿನ ಛಾಯಾಚಿತ್ರಗಳನ್ನು ಆಶ್ರಯಿಸಬೇಕು.

ಫಿರಂಗಿಯ ನಳಿಗೆ 3.8 ಸೆಂಟಿಮೀಟರು ಬರುತ್ತದೆ. ಸೈಕಲ್ ಚಕ್ರದ ಕಡ್ಡಿಯನ್ನು ತುದಿಯ ಕಡೆಗೆ ಸಪೂರವಾಗುವಂತೆ ಅರದಲ್ಲಿ ಉಜ್ಜಿದರೆ ಸಾಕು. ಜಾಲರಿಯ ಕೂವೆಕಂಬವೇ ನಿಜವಾಗಿ ತಾಳ್ಮೆಯನ್ನು ಪರೀಕ್ಷಿಸುವಂಥದು: ತೆಳುವಾದ ಹಿತ್ತಾಳೆ ತಂತಿಯ ತುಂಡುಗಳನ್ನು ಬೆಸುಗೆ ಹಾಕುವಾಗ, ಒಂದು ಕೀಲು ಕೂಡುವಷ್ಟರಲ್ಲಿ ಪಕ್ಕದ ಕೀಲು ಕರಗಿ ಬಿಡುತ್ತದೆ. ಬಣ್ಣ ಹೊಳೆಯಬಾರದು, ಹೊಳಪು ಬಣ್ಣ ಬಳಿದ ಹಡಗು ಜಾತ್ರೆಯ ಆಟಿಕೆಯಾಗಿ ಕಾಣುತ್ತದೆ.

ತೇಲಿಸಿ ನೋಡುವ ಉತ್ಸಾಹಿಗಳು ಮೊದಲು ಮನೆಯ ತೊಟ್ಟಿಯಲ್ಲಿ ನೋಡುವುದು ಲೇಸು. ಮೇಲ್ಭಾರ ಹೆಚ್ಚಾಗಿದ್ದರೆ ಮಗುಚುತ್ತದೆ. ತಳದಲ್ಲಿ ಸೀಸದ ಚೂರುಗಳನ್ನಿಟ್ಟು ಸರಿದೂಗಿಸಬೇಕು. ಆದರೂ ಅದರ ಓಲಾಟ ಹಡಗಿನ ಗಂಭೀರವಾದ ಓಲಾಟವಾಗದು. ಗಾತ್ರ ಇನ್ನೂರು ಪಾಲು ಕಿರಿದಾದರೆ ಓಲಾಟ ಹದಿನಾಲ್ಕು ಪಟ್ಟು ಚುರುಕಾಗುತ್ತದೆ. ಹಡಗನ್ನು ಕುಗ್ಗಿಸಬಹುದು, ಭೂಮಿಯ ಸೆಳೆತವನ್ನು ಕುಗ್ಗಿಸಲು ಬಾರದು.

ಕೈ ಪಳಗದವರು ಕ್ರೂಸರಿಗೆ ಮೊದಲು ಕಿರಿದೊಂದನ್ನು ಮಾಡುವುದೊಳ್ಳೆಯದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ’ ಎಂಬ ಕ್ಷಿಪಣಿ ದೋಣಿಯನ್ನು ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದ ನಿಪಾತ, ನಿರ್ಘಾತ, ವೀರ ಎಂಬ ದೋಣಿಗಳ ಬಳಗಕ್ಕೇ ಇದು ಸೇರಿದ್ದು. ಸೇವೆಗೆ ಬಂದದ್ದು ಮಾತ್ರ ಆ ಯುದ್ಧದ ನಂತರ, 1976ರಲ್ಲಿ. ಹೆಸರು ಕೇಳಿ ವಿದ್ಯಾರ್ಥಿಗಳು ನಗುವುದುಂಟು. ಆದರೆ ಅಮರಕೋಶದಲ್ಲಿ ‘ಚಪಲಾ’ ಎಂಬುದು ಮಿಂಚಿನ ಹೆಸರುಗಳಲ್ಲೊಂದು. ‘ವಿದ್ಯುತ್’, ‘ಚಮಕ್’ ಎಂಬ ಒಡಹುಟ್ಟುಗಳ ಸಾಲಿನಲ್ಲಿ ಅದು ಬಂದಿರುವುದು ಆ ಅರ್ಥದಲ್ಲಿಯೇ. ಇದು ಕಣ್ಣೆದುರಿಗಿರುವ ಹಡಗು. ಟೇಪು ಹಿಡಿದು ಅಳೆಯಬಹುದು, ಸಂಶಯ ಬಂದರೆ ಮತ್ತೆ ಹೋಗಿ ನೋಡಬಹುದು. ಉದ್ದ 38.6 ಮೀಟರು, ಅದೇ 1:200ರಲ್ಲಿ 19.3 ಸೆಂಟಿಮೀಟರು. ಎರಡನ್ನೂ ಒಂದೇ ಹಲಗೆಯ ಮೇಲಿಟ್ಟರೆ ನಾಲ್ಕು ಚಪಲಗಳನ್ನು ಸಾಲಾಗಿ ನಿಲ್ಲಿಸಿದರೂ ಮೈಸೂರಿನ ಉದ್ದಕ್ಕೆ ಸಾಲವು.

ಕೊನೆಯದಾಗಿ ಪೀಠಕ್ಕೆ ಹೆಸರುಪಟ್ಟಿ. ಅದರಲ್ಲಿ ಹಡಗಿನ ಹೆಸರು, ಅಳತೆಯ ಪ್ರಮಾಣ ಇವೆರಡರ ಜೊತೆಗೆ ಬಿಡದೆ ಬರೆಯಬೇಕಾದುದು ವರ್ಷ: ‘ಐಎನ್‌ಎಸ್ ಮೈಸೂರು, 1971ರಲ್ಲಿ ಇದ್ದಂತೆ.’