ಸುರಿನಾಮಿನ ಷಟಲ್ ಆಟಗಾರ ಸೊರೆನ್ ಓಪ್ಟಿ

 

ಈ ಸಲ ಗೋಡೆ ಪತ್ರಿಕೆಗೆ ಒಬ್ಬ ಆಟಗಾರರ ಬಗ್ಗೆ ಬರೆಯಿರಿ ಅಂತ ಮೇಷ್ಟ್ರು ಹೇಳಿದ್ದರು. ಎಲ್ಲರೂ ಗೆದ್ದವರ ಬಗ್ಗೆ ಬರೆಯುತ್ತಾರೆ. ನಾನು ಸೋತವರೊಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಸೊರೆನ್ ಓಪ್ಟಿ. ಅವರು ಒಲಿಂಪಿಕ್ಸ್‌ನಲ್ಲಿ ಆಡಿ 21–2, 21–3ರಲ್ಲಿ ಸೋತರು. ಇಷ್ಟು ಓದಿ ನಗಬೇಡಿ. ಪೂರ್ತಿ ಓದಿ, ಆಮೇಲೆ ನಗು ಬಂದರೆ ನಗಿ.

ನನಗೆ ಇವರ ವಿಷಯ ಯಾಕೆ ಬೇಕಾಯಿತು?

ಹೋದ ವರ್ಷ ನಾನು ವಲಯ ಮಟ್ಟದ ಕ್ರೀಡಾಕೂಟಕ್ಕೆ ಷಟಲ್ ಆಡಲು ಹೋಗಿದ್ದು ನಿಮಗೆಲ್ಲ ಗೊತ್ತು. 21–3, 21–1ರಲ್ಲಿ ಸೋತು ಬಂದೆ. ಎರಡೂ ಆಟ ಸೇರಿ ನಾಲ್ಕೇ ಪಾಯಿಂಟು. ಮನೆಯಲ್ಲಿ ಹೇಳಿದಾಗ ನಮ್ಮಜ್ಜ "ಹಂಗಾದ್ರೆ ನಾಕಾಣೆ ದುಡ್ಕೊಂಡು ಬಂದೆ ಅನ್ನು" ಅಂದರು. ಅದನ್ನು ನನ್ನ ತಮ್ಮ ಶಾಲೆಯಲ್ಲಿ ಹೇಳಿಬಿಟ್ಟ. ಅವತ್ತಿನಿಂದ ನನ್ನ ಹೆಸರು ನಾಕಾಣೆ. ನೀರು ಕುಡಿಯಲು ನಲ್ಲಿ ಹತ್ತಿರ ಹೋದರೂ ನಾಕಾಣೆ, ಪ್ರಾರ್ಥನೆಗೆ ನಿಂತರೂ ನಾಕಾಣೆ. ಇನ್ನು ಬ್ಯಾಟು ಮುಟ್ಟುವುದಿಲ್ಲ ಅಂತ ನಾನು ಪಿ.ಟಿ. ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. "ನಿನ್ನ ಹಾಗೇ ಸೋತವರೊಬ್ಬರು ಒಲಿಂಪಿಕ್ಸ್‌ನಲ್ಲೂ ಇದ್ದಾರೆ, ತಿಳಿದುಕೋ" ಅಂತ ಹೇಳಿ ಸೊರೆನ್ ಓಪ್ಟಿ ವಿಷಯ ಹೇಳಿದರು. ಭೂಪಟ ಬಿಚ್ಚಿ ಸುರಿನಾಮ್ ದೇಶವನ್ನೂ ತೋರಿಸಿದರು.

ಸುರಿನಾಮ್ ಎಲ್ಲಿದೆ?

ದಕ್ಷಿಣ ಅಮೆರಿಕ ಖಂಡದ ಭೂಪಟದಲ್ಲಿ ಬ್ರೆಜಿಲ್ ದೇಶವನ್ನು ನೋಡಿ. ಅದರ ತಲೆಯ ಮೇಲೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಒಂದು ಸಣ್ಣ ದೇಶವಿದೆ. ಅದೇ ಸುರಿನಾಮ್. ಪಶ್ಚಿಮಕ್ಕೆ ಗಯಾನಾ, ಪೂರ್ವಕ್ಕೆ ಫ್ರೆಂಚ್ ಗಯಾನಾ. ರಾಜಧಾನಿ ಪರಮಾರಿಬೊ. ಮೊದಲು ಅದು ಡಚ್ಚರ ಕೈಯಲ್ಲಿತ್ತು. 1975ರ ನವೆಂಬರ್ 25ರಂದು ಸ್ವತಂತ್ರವಾಯಿತು. ಈಗಲೂ ಅಲ್ಲಿ ಶಾಲೆ, ಕಚೇರಿಗಳಲ್ಲಿ ಡಚ್ ಭಾಷೆಯೇ.

ಅದರ ವಿಸ್ತೀರ್ಣ ಸುಮಾರು 1,63,820 ಚದರ ಕಿ.ಮೀ. ನಮ್ಮ ಕರ್ನಾಟಕ 1,91,791 ಚದರ ಕಿ.ಮೀ. ಅಂದರೆ ನಮ್ಮ ರಾಜ್ಯಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಆದರೆ ಜನ ಎಷ್ಟು ಗೊತ್ತಾ? ಸುಮಾರು 6 ಲಕ್ಷ! 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6 ಕೋಟಿ 11 ಲಕ್ಷ ಇದ್ದರು. ಲೆಕ್ಕ ಹಾಕಿದರೆ ನಮ್ಮಲ್ಲಿ ನೂರು ಜನ ಇರುವ ಕಡೆ ಅಲ್ಲಿ ಒಬ್ಬರು. ಉಳಿದದ್ದೆಲ್ಲ ಕಾಡು. ದೇಶದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಕಾಡೇ ಇದೆ.

ಅಲ್ಲಿಯ ಜನರಲ್ಲಿ ಎಷ್ಟೋ ಮಂದಿಯ ಹಿರಿಯರು ಹಡಗಿನಲ್ಲಿ ಬಂದವರು. ಮೊದಲು ಆಫ್ರಿಕದಿಂದ ಜನರನ್ನು ಗುಲಾಮರಾಗಿ ಹಿಡಿದು ತಂದರು. 1863ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದರು. ಆಮೇಲೆ ತೋಟದ ಕೆಲಸಕ್ಕೆ ಆಳು ಬೇಕಾಗಿ ನಮ್ಮ ಭಾರತದಿಂದ ಕರಾರಿನ ಮೇಲೆ ಕೂಲಿಗಳನ್ನು ಕರೆದುಕೊಂಡು ಹೋದರು. ಲಲ್ಲಾ ರೂಖ್ ಎಂಬ ಹಡಗು ಕಲ್ಕತ್ತದಿಂದ ಹೊರಟು 1873ರ ಜೂನ್ 5ರಂದು ಅಲ್ಲಿ ಮುಟ್ಟಿತು. 1890ರಿಂದ ಜಾವಾ ದ್ವೀಪದ ಜನರನ್ನೂ ಕರೆತಂದರು. ಜಾವಾ ಅಂದರೆ ಈಗಿನ ಇಂಡೋನೇಷ್ಯಾದಲ್ಲಿದೆ. ಇಂಡೋನೇಷ್ಯಾದವರಿಗೆ ಷಟಲ್ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ.

ಸೊರೆನ್‌ಗಿಂತ ಮುಂಚೆ ಯಾರಿದ್ದರು?

ಬ್ಯಾಡ್ಮಿಂಟನ್ ಪದಕದ ಆಟವಾಗಿ ಒಲಿಂಪಿಕ್ಸ್‌ಗೆ ಸೇರಿದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಅದರ ಮುಂದಿನ ಸಲವೇ, 1996ರ ಅಟ್ಲಾಂಟಾದಲ್ಲಿ, ಸುರಿನಾಮಿನ ಆಸ್ಕರ್ ಬ್ರಾಂಡನ್ ಆಡಿದರು. 2012ರ ಲಂಡನ್‌ನಲ್ಲಿ ವರ್ಜಿಲ್ ಸುರೊರೆಜೊ ಆಡಿದರು. ಸುರೊರೆಜೊ ಅನ್ನುವುದು ಜಾವಾ ಕಡೆಯ ಹೆಸರು. 2016ರಲ್ಲಿ ರಿಯೊ ಡಿ ಜನೈರೊಗೆ ಹೋದವರು ನಮ್ಮ ಸೊರೆನ್ ಓಪ್ಟಿ. ಆಗ ಅವರಿಗೆ 19 ವರ್ಷ. ಅವರು ಸಿಂಗಲ್ಸ್ ಅಲ್ಲದೆ ಮಿಚೆಲ್ ವೊಂಗ್ಸೊಡಿಕ್ರೊಮೊ ಎಂಬುವರ ಜೊತೆ ಡಬಲ್ಸ್ ಕೂಡ ಆಡಿದವರು.

ಒಲಿಂಪಿಕ್ಸ್‌ಗೆ ಅವರು ಹೋದದ್ದು ಹೇಗೆ ಅಂತ ನಾನು ಕೇಳಿದೆ. ಬ್ಯಾಡ್ಮಿಂಟನ್‌ನಲ್ಲಿ ಹೆಚ್ಚಿನವರು ವಿಶ್ವ ಶ್ರೇಯಾಂಕದ ಮೇಲೆ ಹೋಗುತ್ತಾರೆ. ಆದರೆ ಆಟಗಾರರು ತೀರ ಕಮ್ಮಿ ಇರುವ ಸಣ್ಣ ದೇಶಗಳಿಗೆ ಅಂತ ಕೆಲವು ಆಹ್ವಾನದ ಸ್ಥಾನಗಳನ್ನು ಇಟ್ಟಿರುತ್ತಾರೆ. ಸೊರೆನ್‌ಗೆ ಸಿಕ್ಕಿದ್ದು ಅಂಥ ಆಹ್ವಾನ. "ಹಂಗಾದ್ರೆ ಪುಕ್ಕಟೆ ಸಿಕ್ತು ಅನ್ನು" ಅಂತ ನನ್ನ ಗೆಳತಿ ಹೇಳಿದಳು. ನನಗೆ ಹಾಗನ್ನಿಸಲಿಲ್ಲ. ಇಡೀ ಪ್ರಪಂಚದ ಹಬ್ಬ ಅಂದ ಮೇಲೆ ಎಲ್ಲರನ್ನೂ ಕರೆಯಬೇಕು. ಊರ ಹಬ್ಬಕ್ಕೆ ದೊಡ್ಡ ಮನೆಯವರನ್ನು ಮಾತ್ರ ಕರೆದರೆ ಅದು ಊರ ಹಬ್ಬ ಹೇಗಾಗುತ್ತೆ?

ಆ ಪಂದ್ಯ

ರಿಯೊದಲ್ಲಿ ಪುರುಷರ ಸಿಂಗಲ್ಸ್ ಆಟಗಾರರನ್ನು ಸಣ್ಣ ಸಣ್ಣ ಗುಂಪು ಮಾಡಿದ್ದರು. ಗುಂಪಿನಲ್ಲಿ ಮೊದಲು ಬಂದವರು ಮಾತ್ರ ಮುಂದಕ್ಕೆ. ಸೊರೆನ್ ಗುಂಪಿನಲ್ಲಿ ಮೂವರಿದ್ದರು. ಒಬ್ಬರು ಸಿಂಗಪುರದ ಡೆರೆಕ್ ವಾಂಗ್. ಇನ್ನೊಬ್ಬರು ಯಾರು ಗೊತ್ತಾ? ಮಲೇಷ್ಯಾದ ಲೀ ಚೊಂಗ್ ವೇ! ಒಂದನೇ ಶ್ರೇಯಾಂಕದವರು. 2008ರಲ್ಲಿ ಬೆಳ್ಳಿ, 2012ರಲ್ಲಿ ಬೆಳ್ಳಿ. ಈ 2016ರಲ್ಲೂ ಕೊನೆಗೆ ಬೆಳ್ಳಿಯನ್ನೇ ಗೆದ್ದರು. ಸೆಮಿಫೈನಲ್‌ನಲ್ಲಿ ಚೀನಾದ ಲಿನ್ ಡಾನ್ ಅವರನ್ನು ಸೋಲಿಸಿ, ಫೈನಲ್‌ನಲ್ಲಿ ಚೆನ್ ಲಾಂಗ್ ಅವರಿಗೆ ಸೋತರು. ಅಂಥವರ ಎದುರು 19 ವರ್ಷದ ಸೊರೆನ್ ನಿಲ್ಲಬೇಕಾಯಿತು.

ಫಲಿತಾಂಶ ನಿಮಗೆ ಗೊತ್ತೇ ಇದೆ. 21–2, 21–3. ಡೆರೆಕ್ ವಾಂಗ್ ಅವರಿಗೂ ಸೋತರು. ಅಲ್ಲಿಗೆ ಅವರ ಒಲಿಂಪಿಕ್ಸ್ ಮುಗಿಯಿತು.

ಈಗ ಒಂದು ಲೆಕ್ಕ ಮಾಡೋಣ. 2006ರಿಂದ ಷಟಲ್‌ನಲ್ಲಿ ಯಾರು ಸರ್ವಿಸ್ ಮಾಡಿದರೂ ಪ್ರತಿ ಸಲವೂ ಒಬ್ಬರಿಗೆ ಪಾಯಿಂಟು ಬರುತ್ತದೆ. ಆದ್ದರಿಂದ ಎರಡೂ ಆಟದ ಪಾಯಿಂಟು ಕೂಡಿದರೆ ಎಷ್ಟು ಸಲ ಕಾಕ್ ಎದ್ದಿತು ಅಂತ ಗೊತ್ತಾಗುತ್ತದೆ. 21 + 2 + 21 + 3 = 47. ಅಂದರೆ ಸೊರೆನ್ 47 ಸಲ ಲೀ ಚೊಂಗ್ ವೇ ಎದುರು ಆಡಿದರು. 42 ಸಲ ಪಾಯಿಂಟು ಹೋಯಿತು, 5 ಸಲ ಬಂತು. ಆ ಐದರಲ್ಲಿ ಲೀ ಅವರೇ ತಪ್ಪು ಮಾಡಿ ಕೊಟ್ಟದ್ದೂ ಇರಬಹುದು. ಇದ್ದರೆ ಇರಲಿ, ಪಾಯಿಂಟು ಪಾಯಿಂಟೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. 18–1 ಆಗಿದ್ದರೂ 20–2 ಆಗಿದ್ದರೂ ಮತ್ತೆ ಗೆರೆ ಹತ್ತಿರ ಬಂದು ನಿಲ್ಲಬೇಕಲ್ಲ. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಾನು 15–1 ಆದಾಗಲೇ ಬೇಗ ಮುಗಿದರೆ ಸಾಕು ಅಂತ ಬೇಕೂಂತಲೇ ಎರಡು ಕಾಕ್ ಬಿಟ್ಟುಬಿಟ್ಟೆ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಇಷ್ಟು ವ್ಯತ್ಯಾಸ ಯಾಕೆ?

ಮೇಷ್ಟ್ರು ಹೇಳಿದ್ದು ಮೂರು ಕಾರಣ.

ಒಂದು, ಜೊತೆಗೆ ಆಡುವವರು. ನಮಗಿಂತ ಚೆನ್ನಾಗಿ ಆಡುವವರ ಜೊತೆ ದಿನಾ ಆಡಿದರೆ ಮಾತ್ರ ಆಟ ಏರುತ್ತದೆ. ಮಲೇಷ್ಯಾದಲ್ಲಿ ಒಳ್ಳೆಯ ಆಟಗಾರರು ಬೇಕಾದಷ್ಟು ಸಿಗುತ್ತಾರೆ. 6 ಲಕ್ಷ ಜನರ ದೇಶದಲ್ಲಿ ಎಷ್ಟು ಸಿಗುತ್ತಾರೆ?

ಎರಡು, ಪಂದ್ಯಗಳು. ದೊಡ್ಡ ಪಂದ್ಯಾವಳಿಗಳಲ್ಲಿ ಬಹಳಷ್ಟು ನಡೆಯುವುದು ಏಷ್ಯಾದಲ್ಲಿ, ಯುರೋಪಿನಲ್ಲಿ. ಸುರಿನಾಮಿನಿಂದ ಅಲ್ಲಿಗೆ ಸಮುದ್ರ ದಾಟಿ ಹೋಗಬೇಕು. ವಿಮಾನಕ್ಕೆ ದುಡ್ಡು ಬೇಕು.

ಮೂರು, ಸಾಮಾನು. ದೊಡ್ಡ ಪಂದ್ಯದ ಕಾಕ್‌ಗೆ 16 ಗರಿ ಇರುತ್ತವೆ, ಬಾತು ಅಥವಾ ಹೆಬ್ಬಾತಿನ ಗರಿ. ತೂಕ ಸುಮಾರು 5 ಗ್ರಾಂ. ಇಷ್ಟು ಹಗುರ ಇರುವುದರಿಂದ ಚೂರು ಗಾಳಿ ಬೀಸಿದರೂ ಓಡಿಹೋಗುತ್ತದೆ. ಅದಕ್ಕೇ ದೊಡ್ಡ ಪಂದ್ಯಗಳನ್ನು ಕಟ್ಟಡದ ಒಳಗೆ ಆಡಿಸುತ್ತಾರೆ. ಗರಿ ಬೇಗ ಮುರಿಯುತ್ತದೆ, ಮತ್ತೆ ಮತ್ತೆ ಹೊಸದು ಕೊಳ್ಳಬೇಕು.

ಇದನ್ನು ಕೇಳಿದ ಮೇಲೆ ನನಗೆ ನಮ್ಮ ಆಟ ನೆನಪಾಯಿತು. ನಾವು ಆಡುವುದು ಹೊಂಗೆ ಮರಕ್ಕೂ ನಲ್ಲಿ ಕಂಬಕ್ಕೂ ಹಗ್ಗ ಕಟ್ಟಿ. ಕಾಕ್ ಪ್ಲಾಸ್ಟಿಕ್ಕಿನದು. ಬಯಲಲ್ಲಿ ಮಧ್ಯಾಹ್ನ ಗಾಳಿ ಎದ್ದರೆ ಕಾಕ್ ಅಡುಗೆ ಕೋಣೆ ಕಡೆ ಹೋಗುತ್ತದೆ. ಹೋದ ವರ್ಷ ನಾನು ಗರಿ ಕಾಕ್ ಮೊದಲ ಸಲ ಮುಟ್ಟಿದ್ದು ಪಂದ್ಯದ ದಿನವೇ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಕಾರಣಕ್ಕೂ ನೆಪಕ್ಕೂ ವ್ಯತ್ಯಾಸ ಇದೆ. ಕಾರಣ ಗೊತ್ತಾದರೆ ಏನಾದರೂ ಮಾಡಬಹುದು, ನೆಪ ಹೇಳಿದರೆ ಸುಮ್ಮನೆ ಕೂರಬಹುದು.

ಸಣ್ಣ ದೇಶದವರು ಗೆಲ್ಲುವುದೇ ಇಲ್ಲವಾ?

ಗೆಲ್ಲುತ್ತಾರೆ. ಇದೇ ಸುರಿನಾಮಿನ ಆಂಥನಿ ನೆಸ್ಟಿ ಎಂಬ ಈಜುಗಾರ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ಚಿನ್ನ ಗೆದ್ದರು. ಅವರು ತೆಗೆದುಕೊಂಡದ್ದು 53.00 ಸೆಕೆಂಡ್. ಎರಡನೆಯವರಾದ ಅಮೆರಿಕದ ಮ್ಯಾಟ್ ಬಿಯಾಂಡಿ 53.01 ಸೆಕೆಂಡ್. ಒಂದು ಸೆಕೆಂಡನ್ನು ನೂರು ಚೂರು ಮಾಡಿದರೆ ಅದರಲ್ಲಿ ಒಂದೇ ಚೂರು ವ್ಯತ್ಯಾಸ! 1992ರಲ್ಲಿ ಅವರಿಗೇ ಕಂಚು ಬಂತು. 2024ರ ಪ್ಯಾರಿಸ್‌ವರೆಗೆ ಸುರಿನಾಮಿಗೆ ಬಂದ ಒಲಿಂಪಿಕ್ ಪದಕಗಳು ಈ ಎರಡೇ. ಆದರೆ ನೆಸ್ಟಿ ಕೂಡ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿ ಓದುತ್ತ ಒಳ್ಳೆಯ ಈಜುಗಾರರ ಜೊತೆ ಅಭ್ಯಾಸ ಮಾಡಿದವರು. ಮೇಷ್ಟ್ರು ಹೇಳಿದ ಮೊದಲನೇ ಕಾರಣ ಇಲ್ಲಿಯೂ ಸರಿಹೋಗುತ್ತದೆ.

ಗೆದ್ದವರೂ ಸೋಲುತ್ತಾರೆ. ನಮ್ಮ ಕರ್ನಾಟಕದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ 2011ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಡಬಲ್ಸ್‌ನಲ್ಲಿ ಕಂಚು ಗೆದ್ದವರು. ಅವರೇ ರಿಯೊದಲ್ಲಿ ಗುಂಪಿನ ಮೂರು ಪಂದ್ಯಗಳನ್ನೂ ಸೋತರು. ಅದೇ ರಿಯೊದಲ್ಲಿ ಪಿ.ವಿ. ಸಿಂಧು ಬೆಳ್ಳಿ ತಂದರು. ನಮಗೆ ಸಿಂಧು ನೆನಪಿದ್ದಾರೆ, ಸೋತವರು ನೆನಪಿಲ್ಲ.

ಹಾಗಂತ ಸೋತರೂ ಒಂದೇ ಗೆದ್ದರೂ ಒಂದೇ ಅಂತ ನಾನು ಹೇಳುವುದಿಲ್ಲ. ಒಂದೇ ಅಲ್ಲ. ಸೋತ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ಸೊರೆನ್ ಹೋಗದೇ ಇದ್ದಿದ್ದರೆ 2016ರ ಒಲಿಂಪಿಕ್ಸ್‌ನ ಷಟಲ್ ಪಟ್ಟಿಯಲ್ಲಿ ಸುರಿನಾಮ್ ಎಂಬ ಹೆಸರೇ ಇರುತ್ತಿರಲಿಲ್ಲ. ನಾನೂ ಆ ದೇಶದ ಹೆಸರು ಕೇಳುತ್ತಿರಲಿಲ್ಲ. ಬ್ರಾಂಡನ್ ಹೋದರು, ಸುರೊರೆಜೊ ಹೋದರು, ಓಪ್ಟಿ ಹೋದರು. ಹೀಗೆ ಒಬ್ಬರ ಹಿಂದೆ ಒಬ್ಬರು ಹೋಗುತ್ತಾ ಇದ್ದರೆ ತಾನೇ ಮುಂದಿನವರಿಗೆ ದಾರಿ.

ಕೊನೆಯ ಮಾತು

ಈ ವರ್ಷದ ವಲಯ ಮಟ್ಟದ ಪಟ್ಟಿಯನ್ನು ಆಫೀಸಿನ ಬಾಗಿಲ ಪಕ್ಕ ಅಂಟಿಸಿದ್ದಾರೆ. ಖೋ ಖೋ ಕೆಳಗೆ ಹದಿನಾಲ್ಕು ಹೆಸರಿದೆ, ಕಬಡ್ಡಿಗೆ ಜಾಗವೇ ಇಲ್ಲ. ಬಾಲಕಿಯರ ಷಟಲ್ ಅಂತ ಬರೆದ ಕಡೆ ನಿನ್ನೆಯವರೆಗೂ ಖಾಲಿ ಇತ್ತು. ಶನಿವಾರದೊಳಗೆ ಯಾರೂ ಬರೆಸದಿದ್ದರೆ ನಮ್ಮ ಶಾಲೆಯಿಂದ ಷಟಲ್ ಇಲ್ಲ. ಆರನೇ ತರಗತಿಯ ಇಬ್ಬರು ಹುಡುಗಿಯರಿಗೆ ಆಸೆ ಇದೆ. ಆದರೆ "ನಾಕಾಣೆ ಅಕ್ಕನಿಗೇ ಹಂಗಾಯ್ತು, ನಮಗೆ ಇನ್ನೇನಾಗುತ್ತೋ" ಅಂತ ಹೆದರಿದ್ದಾರೆ ಅಂತ ಗೊತ್ತಾಯಿತು. ಅದು ಕೇಳಿ ನನಗೆ ಸೋತಾಗಿಗಿಂತ ಹೆಚ್ಚು ಬೇಜಾರಾಯಿತು.

ಇವತ್ತು ಬೆಳಿಗ್ಗೆ ನಾನು ಅಲ್ಲಿ ನನ್ನ ಹೆಸರು ಬರೆದು ಬಂದಿದ್ದೇನೆ. ಕೆಳಗೆ ಇನ್ನೂ ಜಾಗ ಇದೆ. ಈ ಸಲವೂ ಸೋಲಬಹುದು. ಆದರೆ ಒಂದು ಕಾಕನ್ನೂ ಬೇಕೂಂತ ಬಿಡುವುದಿಲ್ಲ. ಐದು ಪಾಯಿಂಟು ಬಂದರೆ ಸೊರೆನ್ ಅವರಷ್ಟೇ ಆಯಿತು. ಎದುರಿಗೆ ಲೀ ಚೊಂಗ್ ವೇ ಇರುವುದಿಲ್ಲ ನಿಜ, ಆದರೂ ಹೋದ ವರ್ಷಕ್ಕಿಂತ ಒಂದು ಜಾಸ್ತಿ ತಾನೇ!

ಗುರುಗಳಲ್ಲಿ ಒಂದು ವಿನಂತಿ. ಪಂದ್ಯಕ್ಕೆ ಮುಂಚೆ ನಮಗೆ ಎರಡು ಗರಿ ಕಾಕ್ ಕೊಡಿಸಿದರೆ ಅಭ್ಯಾಸಕ್ಕೆ ಅನುಕೂಲವಾಗುತ್ತದೆ. ಬರೆದದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಬೇಕು.

— 7ನೇ ತರಗತಿಯ ವಿದ್ಯಾರ್ಥಿನಿ (ನಾಕಾಣೆ)

ಹೇಳಿ ನೋಡೋಣ:
1. ಸುರಿನಾಮಿನ ರಾಜಧಾನಿ ಯಾವುದು?
2. ಷಟಲ್ ಕಾಕ್‌ಗೆ ಎಷ್ಟು ಗರಿ?
3. 21–3, 21–1ರಲ್ಲಿ ಮುಗಿದ ಪಂದ್ಯದಲ್ಲಿ ಒಟ್ಟು ಎಷ್ಟು ಸಲ ಕಾಕ್ ಎದ್ದಿತು?
(ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ. ಮೂರನೆಯದಕ್ಕೆ ನಗದೆ ಉತ್ತರ ಕೊಟ್ಟವರಿಗೆ ಒಂದು ಪೆನ್ಸಿಲ್.)