ಹೆದ್ದಾರಿ ಇಳಿದರೆ ಮಂಡ್ಯ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅಂದಿನಿಂದ ಬೆಂಗಳೂರಿನವರು ಮಂಡ್ಯವನ್ನು ನೋಡದೆಯೇ ಮೈಸೂರು ಮುಟ್ಟುತ್ತಿದ್ದಾರೆ. ಮೊದಲು ಕಾಫಿಗೆ, ಎಳನೀರಿಗೆ, ಸಿಗ್ನಲ್ಲಿಗಾದರೂ ಇಲ್ಲಿ ನಿಲ್ಲುತ್ತಿದ್ದರು. ಈಗ ಅದೂ ತಪ್ಪಿತು. ಮಂಡ್ಯ ಎಂದರೇನು ಎಂದು ಹೊರಗಿನವರನ್ನು ಕೇಳಿದರೆ ವಡೆ, ಕಾವೇರಿ ಗಲಾಟೆ, ಎಲೆಕ್ಷನ್, ಇಷ್ಟರಲ್ಲಿ ಮಾತು ಮುಗಿಯುತ್ತದೆ. ಇಲ್ಲೊಂದು ಮನೆ ಮಾಡಿಕೊಂಡು ಸುಖವಾಗಿರಬಹುದು ಎಂಬ ಯೋಚನೆ ಯಾರ ತಲೆಗೂ ಬರುವುದಿಲ್ಲ. ಬರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಬರುವ ಮುಂಚೆ ಈ ಊರಿನ ಕಷ್ಟವೂ ಗೊತ್ತಿರಬೇಕು. ಬಾಳುವುದಕ್ಕೆ ಸುಲಭವಾದ, ಸಂಪಾದಿಸುವುದಕ್ಕೆ ಕಷ್ಟವಾದ ಊರಿದು.

ಇಂದಿನ ಮಂಡ್ಯವನ್ನು ಕಟ್ಟಿದ್ದು ನೀರು. ಕನ್ನಂಬಾಡಿ ಕಟ್ಟೆ ಎದ್ದು, ಹುಲಿಕೆರೆ ಸುರಂಗ ಹಾದು, ಆಗಿನ ಇರ್ವಿನ್ ನಾಲೆ 1930ರ ದಶಕದ ಆರಂಭದಲ್ಲಿ ಈ ಬಯಲಿಗೆ ಹರಿಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಬೆದ್ದಲು ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಆ ನಾಲೆಯನ್ನು ಇಂದು ಎಲ್ಲರೂ ವಿ.ಸಿ. ನಾಲೆ ಎನ್ನುತ್ತಾರೆ, ವಿಶ್ವೇಶ್ವರಯ್ಯನವರ ಹೆಸರಿನಲ್ಲಿ. ಬೆಳೆದ ಕಬ್ಬನ್ನು ಅರೆಯಲು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಷುಗರ್, ಶುರುವಾಯಿತು. ಅದರ ಹಿಂದೆ ನಿಂತವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಆರು ವರ್ಷ ಕಳೆದು, 1939ರ ಜುಲೈ 1ರಂದು ಮೈಸೂರಿನಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ಅರಮನೆಯಿಲ್ಲ, ಕೋಟೆಯಿಲ್ಲ, ನೀರು, ಗದ್ದೆ, ಕಾರ್ಖಾನೆ, ಆಮೇಲೆ ಕಚೇರಿ, ಈ ಕ್ರಮದಲ್ಲಿ ಬೆಳೆದ ಊರು. ಪ್ರವಾಸಿಗೆ ತೋರಿಸಲು ನಗರದಲ್ಲಿ ಹೆಚ್ಚೇನೂ ಇಲ್ಲದಿರುವುದಕ್ಕೆ ಇದೇ ಕಾರಣ.

ಇರುವವರಿಗೆ ಮಾತ್ರ ಬೇಕಾದಷ್ಟಿದೆ. ಮೈಸೂರಿಗೆ ಸುಮಾರು 45 ಕಿ.ಮೀ., ಬೆಂಗಳೂರಿಗೆ 100. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಪಾಸಿನವರದ್ದೇ ಒಂದು ಸಂಸಾರ: ಗುಮಾಸ್ತರು, ಬ್ಯಾಂಕಿನವರು, ಕಾಲೇಜಿನ ಹುಡುಗಿಯರು, ಖಾಸಗಿ ಕಂಪನಿಯ ಹುಡುಗರು. ಸೀಟು ಹಿಡಿದುಕೊಡುವುದು, ಊಟದ ಡಬ್ಬಿ ಹಂಚಿಕೊಳ್ಳುವುದು, ಮಗಳ ಮದುವೆಗೆ ಬೋಗಿಯನ್ನೇ ಕರೆಯುವುದು ಎಲ್ಲ ಆ ಹಾದಿಯಲ್ಲೇ ನಡೆಯುತ್ತದೆ. ಬೆಂಗಳೂರಿನ ಸಂಬಳ ತಂದು ಮಂಡ್ಯದ ಬಾಡಿಗೆ ಕಟ್ಟಿದರೆ ತಿಂಗಳ ಕೊನೆಯಲ್ಲೂ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿಗೆ ಹೋಗುತ್ತದೆ ಎಂಬುದೂ ನಿಜ. ರೈಲು ತಡವಾದ ರಾತ್ರಿ ಮನೆ ಸೇರಿದಾಗ ಮಕ್ಕಳು ಮಲಗಿರುತ್ತಾರೆ.

ಓದಿಗೆ ಕೊರತೆಯಿಲ್ಲ. 1962ರಷ್ಟು ಹಿಂದೆಯೇ ಇಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಕಟ್ಟಿದವರು ಕೆ.ವಿ. ಶಂಕರಗೌಡರು. ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಂಥ ಹಳ್ಳಿಗೇ ಭಾರತೀ ಕಾಲೇಜು ತಂದರು. ಸುತ್ತಲಿನ ಹೆಣ್ಣುಮಕ್ಕಳು ಡಿಗ್ರಿ ಮುಗಿಸಿದ್ದರಲ್ಲಿ ಆ ಕಾಲೇಜಿನ ಪಾಲು ದೊಡ್ಡದು. ವೈದ್ಯಕೀಯ ಕಾಲೇಜು 2006ರಲ್ಲಿ ಬಂತು. ಜ್ವರ, ಹೆರಿಗೆ, ಮುರಿದ ಕೈಕಾಲಿಗೆ ಅದರ ಮಿಮ್ಸ್ ಆಸ್ಪತ್ರೆ ಸಾಕು. ದೊಡ್ಡ ಕಾಯಿಲೆಗೆ ಈಗಲೂ ಮೈಸೂರು ದಾರಿಯೇ ಗತಿ.

ಊಟದ ಮಾತಿಗೆ ಬಂದರೆ ನನ್ನ ಪಕ್ಷಪಾತವನ್ನು ಮುಚ್ಚಿಡುವುದಿಲ್ಲ. ಬಿಸಿ ಮುದ್ದೆ, ಉಪ್ಸಾರು, ಅದರ ಮೇಲೊಂದಿಷ್ಟು ಕಾರ. ಸೊಪ್ಪು ಸಿಕ್ಕ ದಿನ ಬಸ್ಸಾರು. ಆ ರಾಗಿಯಲ್ಲೂ ಮಂಡ್ಯದ ವಿದ್ಯೆ ಇದೆ: ಇಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ನಾಡಿನ ಅದೆಷ್ಟೋ ಹೊಲಗಳ ಇಳುವರಿ ಅದರಿಂದ ಏರಿತು. ಮಾಂಸ ತಿನ್ನುವವರಿಗೆ ಬಂಡೂರು ಕುರಿ. ಗಿಡ್ಡ ಕಾಲು, ತುಂಬಿದ ಮೈಯ ಈ ತಳಿಗೆ ಹೆಸರು ಬಂದದ್ದು ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ. ಮದುವೆ ಮುಗಿದ ಮೇಲಿನ ಬೀಗರೂಟ ಇಲ್ಲಿ ಮದುವೆಗಿಂತ ಒಂದು ಕೈ ಮಿಗಿಲು. 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ, ಬಂದವರಿಗೆ ಬಾಡೂಟವನ್ನೂ ಬಡಿಸಬೇಕೆಂದು ಇಲ್ಲಿನ ಜನ ಪಟ್ಟು ಹಿಡಿದರು. ಅದು ನಾಲಗೆಯ ಚಪಲದ ಮಾತಾಗಿರಲಿಲ್ಲ. ನಮ್ಮ ಮನೆಯ ಊಟ ಸಾರ್ವಜನಿಕ ಪಂಕ್ತಿಯಲ್ಲಿ ಯಾಕೆ ಸಲ್ಲುವುದಿಲ್ಲ ಎಂಬ ನೇರ ಪ್ರಶ್ನೆ ಅದು, ಕೇಳಬೇಕಾದವರೇ ಕೇಳಿದರು.

ಮಾತೂ ಹಾಗೇ. ಹೊಸದಾಗಿ ಬಂದವರಿಗೆ ಮಂಡ್ಯದ ದನಿ ಜಗಳದ ಹಾಗೆ ಕೇಳಿಸಬಹುದು. ‘ಯಾಕಣ್ಣೋ, ಉಂಡಿಲ್ವಾ ಇನ್ನೂವೆ?’ ಎಂದು ಬೀದಿಯ ಆ ತುದಿಯಿಂದ ಕೂಗುವವರು ಮರುದಿನ ಮನೆಗೆ ಒಂದು ಗೊನೆ ಬಾಳೆ ತಂದಿಟ್ಟು ಹೋಗುತ್ತಾರೆ. ನಿಮ್ಮ ಮನೆಗೆ ಯಾರು ಬಂದರು, ಹೋದರು ಎಂಬುದರ ಮೇಲೂ ಅವರದೇ ಕಣ್ಣಿರುತ್ತದೆ. ಒಬ್ಬಂಟಿಯಾಗಿ ಬಾಡಿಗೆ ಮನೆ ಹುಡುಕುವ ಹೆಣ್ಣುಮಗಳಿಗೆ, ಬೇರೆ ಜಾತಿಯವರನ್ನು ಕಟ್ಟಿಕೊಂಡ ಜೋಡಿಗೆ ಈ ಕಣ್ಣು ಹಿಂಸೆಯೇ. ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಮನೆ ತೋರಿಸುವ ಮೊದಲೇ ಬರುತ್ತದೆ.

ಮಂಡ್ಯದಿಂದ ಪೂರ್ವಕ್ಕೆ 20 ಕಿ.ಮೀ. ಬಂದರೆ ಶಿಂಷಾ ದಡದ ಮದ್ದೂರು. ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ ಎಂಬುವರು 1917ರಲ್ಲಿ ರೈಲು ಬೇಗ ಬಂದಿತೆಂದು ಹಿಟ್ಟನ್ನು ಅವಸರದಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಮದ್ದೂರು ವಡೆಯ ಹುಟ್ಟಿನ ಕತೆ ಇದು. ಚಿರೋಟಿ ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಈಗ ವಡೆ ನಾಡೆಲ್ಲ ಸಿಗುತ್ತದೆ, ಮದ್ದೂರಿನಲ್ಲಿ ಗಿರಾಕಿ ಕಡಿಮೆಯಾದರು. ಹಳೆಯ ಹೆದ್ದಾರಿಯ ಹೋಟೆಲಿನವರು, ಎಳನೀರು ಕೊಚ್ಚಿ ಕೊಡುತ್ತಿದ್ದವರು, ಗೊಂಬೆ, ಹಣ್ಣು, ಕಡಲೆಕಾಯಿ ಮಾರುತ್ತಿದ್ದವರು ಹೊಸ ರಸ್ತೆಯ ಪೆಟ್ಟು ತಿಂದರು. ಕಾರಿಗೆ ಒಂದೂವರೆ ಗಂಟೆಯ ದಾರಿ ಮಾಡಿಕೊಟ್ಟ ಆ ರಸ್ತೆಯ ಮುಖ್ಯಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಜಮೀನು ಕೊಟ್ಟವನ ಟ್ರ್ಯಾಕ್ಟರಿಗೆ ಸರ್ವಿಸ್ ರಸ್ತೆ! ಸುರಕ್ಷತೆಗೆ ಅದು ಬೇಕೆನ್ನುವುದನ್ನು ಒಪ್ಪುತ್ತೇನೆ. ಆದರೆ ಊರು ಉಳಿಯುವಂತೆ ಇಳಿದಾರಿಗಳನ್ನು ಯೋಚಿಸಿ ಮಾಡಲಿಲ್ಲ ಎಂಬ ಸಿಟ್ಟು ಮದ್ದೂರಿನಲ್ಲಿ ಇನ್ನೂ ಆರಿಲ್ಲ. ಎಳನೀರು ಮಾರುಕಟ್ಟೆ ಮಾತ್ರ ಜಗ್ಗಿಲ್ಲ. ಇಲ್ಲಿಂದ ಲಾರಿಗಳು ಉತ್ತರ ಭಾರತದವರೆಗೂ ಕಾಯಿ ಹೊತ್ತು ಹೋಗುತ್ತವೆ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿ ಮುಗಿಯುವ ಹೊತ್ತಿಗೆ ಹೋದರೆ ಹುಣಸೆ ಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ಹೆಂಗಸರು ತಮ್ಮ ಪಾಡಿಗೆ ಪಾತ್ರೆ ತೊಳೆಯುತ್ತಿರುತ್ತಾರೆ.

ಇನ್ನು ಕಬ್ಬು. ಈ ನೆಲದ ಸುಖದುಃಖ ಎರಡೂ ಅದರಲ್ಲಿವೆ, ನೋಡಬೇಕೆಂದರೆ ಒಂದು ಆಲೆಮನೆಗೆ ಹೋಗಬೇಕು. ಗಾಣಕ್ಕೆ ಕಬ್ಬು ಕೊಡುವವನೊಬ್ಬ. ಇನ್ನೊಂದು ಬದಿಯಿಂದ ಬೀಳುವ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಒಣಗಿಸುವವನೊಬ್ಬ. ಒಣಗಿದ್ದೇ ಒಲೆಗೆ ಉರುವಲು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತ ಮಡ್ಡಿ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಪಾಕ ನೋಡುವವನು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಆ ಒಂದು ಕ್ಷಣ ತಪ್ಪಿದರೆ ಇಡೀ ಅಡಿಗೆ ಹೋಯಿತು. ಆಮೇಲೆ ಅಚ್ಚಿಗೆ ಸುರಿದು ಆರಲು ಬಿಡುತ್ತಾರೆ. ಇಷ್ಟೆಲ್ಲ ಬಲ್ಲ ಕೈಗಳು ಈಗ ಬಹುಪಾಲು ಉತ್ತರ ಭಾರತದಿಂದ ಬಂದ ಕೂಲಿಗಳದ್ದು. ಬೆಲ್ಲ ಹೊಳೆಯಬೇಕೆಂಬ ಗಿರಾಕಿಯ ಹಟಕ್ಕೆ ರಾಸಾಯನಿಕ, ತೂಕಕ್ಕೆ ಸಕ್ಕರೆ ಬೆರೆಸುವ ಚಾಳಿ ಹಬ್ಬಿ ಮಂಡ್ಯ ಬೆಲ್ಲದ ಹೆಸರು ಕೆಟ್ಟಿದೆ. ಕಪ್ಪು ಬೆಲ್ಲ ಕೇಳಿ ಕೊಳ್ಳುವವರು ಹೆಚ್ಚಿದರೆ ಪ್ರಾಮಾಣಿಕ ಆಲೆಮನೆಗಳು ಉಳಿದಾವು.

ಕಾರ್ಖಾನೆಗೆ ಕಬ್ಬು ಕೊಡುವವನ ಪಾಡು ಬೇರೆ. ಕಬ್ಬು ಹನ್ನೆರಡು ತಿಂಗಳ ಬೆಳೆ. ಕಟಾವಿಗೆ ಒಪ್ಪಿಗೆ ಬರುವುದು ತಡವಾದರೆ ಗದ್ದೆಯಲ್ಲೇ ಸೂಲಂಗಿ ಒಡೆದು ತೂಕ ಇಳಿಯುತ್ತದೆ. ಕಡಿದ ಮೇಲೆ ದುಡ್ಡಿಗೆ ಕಾಯಬೇಕು. ಮೈಷುಗರ್ ಕೆಲವು ವರ್ಷ ನಿಂತೇ ಹೋಗಿ 2022ರಲ್ಲಿ ಮತ್ತೆ ಅರೆಯಲು ಶುರುಮಾಡಿತು. ನಡುವಿನ ವರ್ಷಗಳಲ್ಲಿ ರೈತ ಕಬ್ಬನ್ನು ದೂರದ ಕಾರ್ಖಾನೆಗೆ ಸಾಗಿಸಿ ಲಾರಿ ಬಾಡಿಗೆ ತೆತ್ತ. 2015ರಲ್ಲಿ ಜಿಲ್ಲೆಯಲ್ಲಿ ಸಾಲು ಸಾಲಾಗಿ ನಡೆದ ರೈತರ ಆತ್ಮಹತ್ಯೆಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ಇದರ ಪರಿಣಾಮ ಮನೆಯೊಳಗೂ ಬಂದಿದೆ. ಬೇಸಾಯದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. 2023ರ ಫೆಬ್ರುವರಿಯಲ್ಲಿ ಮೂವತ್ತು ದಾಟಿದ ಅವಿವಾಹಿತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು, ಮಾದಪ್ಪನಲ್ಲಿ ಕಂಕಣಭಾಗ್ಯ ಬೇಡಲು. ಟಿ.ವಿ.ಯವರು ನಗೆಯ ಸುದ್ದಿ ಮಾಡಿದರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅದೇ ವರ್ಷದ ಕೊನೆಗೆ, ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಹೆಣ್ಣು ಸಿಗುತ್ತಿಲ್ಲ ಎಂದು ದೇವರ ಮುಂದೆ ನಿಂತ ಊರು, ಹೆಣ್ಣನ್ನು ಹುಟ್ಟುವ ಮೊದಲೇ ಕೊಲ್ಲುವವರಿಗೆ ಜಾಗ ಕೊಟ್ಟಿತ್ತು. ಮಂಡ್ಯವನ್ನು ಎಷ್ಟು ಪ್ರೀತಿಸಿದರೂ ಈ ಮಾತನ್ನು ಗಟ್ಟಿಯಾಗಿ ಹೇಳಲೇಬೇಕು.

ಇನ್ನು ಮಳವಳ್ಳಿ. ಅಲ್ಲಿಗೆ ರೈಲಿಲ್ಲ. ಮದ್ದೂರಿನಿಂದ ದಕ್ಷಿಣಕ್ಕೆ ಬಸ್ಸು ಹಿಡಿಯಬೇಕು. ಬಿ.ಜಿ. ಪುರದಲ್ಲಿ ಮಂಟೇಸ್ವಾಮಿ ಮಠ, ಹಳ್ಳಿಹಳ್ಳಿಗಳಲ್ಲಿ ತಂಬೂರಿ ಮೀಟುವ ನೀಲಗಾರರು, ಮಂಟೇಸ್ವಾಮಿ ಕಾವ್ಯವನ್ನು ನಾಡಿಗೆಲ್ಲ ಕೇಳಿಸಿದ ಮಳವಳ್ಳಿ ಮಹದೇವಸ್ವಾಮಿಯವರ ದನಿ, ಇವೆಲ್ಲ ಈ ತಾಲ್ಲೂಕಿನ ಆಸ್ತಿ. ಗಗನಚುಕ್ಕಿ ಜಲಪಾತದ ಪಕ್ಕದ ಶಿವನಸಮುದ್ರ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದೂ ಇಲ್ಲಿಂದಲೇ. ಬೆಂಗಳೂರು ಕುಡಿಯುವ ಕಾವೇರಿಯೂ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಗಳಿಂದ ಮೇಲೇರುತ್ತದೆ. 2024ರ ಅಕ್ಟೋಬರ್ 16ರಂದು ಅಲ್ಲೇ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರು ಕೊಡಲು. ಮಳವಳ್ಳಿಯ ರೈತ ಇರುವುದು ವಿ.ಸಿ. ನಾಲೆಯ ಕೊನೇ ಭಾಗದಲ್ಲಿ. ಮೇಲಿನವರು ಭತ್ತಕ್ಕೆ ಎರಡು ಬಾರಿ ನೀರು ಕಟ್ಟಿಕೊಂಡ ಮೇಲೂ ಇವನ ತೂಬಿನಲ್ಲಿ ಹೂಳೇ ಕಾಣುತ್ತಿರುತ್ತದೆ. ಕಟ್ಟುನೀರಿನ ಸರದಿಗೆ ರಾತ್ರಿಯೆಲ್ಲ ಟಾರ್ಚು ಹಿಡಿದು ನಾಲೆ ಕಾಯುತ್ತಾನೆ. ಬೆಂಗಳೂರಿಗೆ ನೀರು ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಕೊಳವೆ ಹಾದುಹೋಗುವ ತಾಲ್ಲೂಕಿನ ಕಡೆಯ ತೂಬಿಗೂ ನೀರು ಮುಟ್ಟಿಸುವ ಹೊಣೆ ಅದೇ ಸರ್ಕಾರದ್ದು.

ಮಳೆ ಕೈಕೊಟ್ಟ ವರ್ಷ ಇಲ್ಲಿದ್ದವರಿಗೆ ಕಾವೇರಿ ನೀರಿಗಾಗಿ ನಡೆಯುವ ಬಂದ್‌ಗಳ ಅನುಭವ ಇದ್ದೇ ಇದೆ: 1991, 2002, 2012, 2016, 2023. ಮಂಡ್ಯದ ಸಂಜಯ ವೃತ್ತದಲ್ಲಿ ರಸ್ತೆ ತಡೆ, ಶಾಲೆಗೆ ರಜೆ, ಅಂಗಡಿ ಬಾಗಿಲು ಅರ್ಧ. ಸುಪ್ರೀಂ ಕೋರ್ಟು 2018ರಲ್ಲಿ ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿತು. ಮಳೆ ಬಾರದ ವರ್ಷ ಹಂಚುವುದು ಹೇಗೆಂಬ ಜಗಳ ಹಾಗೇ ಉಳಿದಿದೆ. ನಾಲೆ ತುಂಬಿದ ವರ್ಷ ಇನ್ನೊಂದು ಭಯ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಆಮೇಲೂ ಕಾರುಗಳು ಬಿದ್ದಿವೆ. ತಡೆಗೋಡೆ ಇಲ್ಲದ ನಾಲೆ ಏರಿ ಮೇಲೆ ರಾತ್ರಿ ಗಾಡಿ ಓಡಿಸಬೇಡಿ.

ಹಾಗಾದರೆ ಯಾರು ಬರಬಹುದು? ಪಿಂಚಣಿ ಇರುವವರು, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು, ಮೇಷ್ಟರು, ವೈದ್ಯರು, ಗಂಡ ಬೆಂಗಳೂರಿನಲ್ಲೂ ಹೆಂಡತಿ ಮೈಸೂರಿನಲ್ಲೂ ದುಡಿಯುವ ಸಂಸಾರಗಳು ಖಂಡಿತ ಬರಬಹುದು. ಬಂದ ಮೇಲೆ ಕೆಲಸ ಹುಡುಕುತ್ತೇನೆ ಎನ್ನುವ ಪದವೀಧರನಿಗೆ ಇಲ್ಲಿ ಸಿಗುವುದು ಸಣ್ಣ ಸಂಬಳ. ಇಲ್ಲಿನ ಮಕ್ಕಳೇ ಬ್ಯಾಗು ಹಿಡಿದು ಹೊರಗೆ ಹೋಗುತ್ತಿದ್ದಾರೆ. ಮನೆ ನೋಡುವವರು ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ನೋಡಿ. ಹೊಸ ಬಡಾವಣೆಯ ಸೈಟಾದರೆ ಅದು ಹಿಂದೆ ಗದ್ದೆಯಾಗಿತ್ತೇ ಎಂದು ಪಕ್ಕದ ಹಳ್ಳಿಯ ಹಿರಿಯರನ್ನು ಕೇಳಿ. ಗದ್ದೆ ಮಣ್ಣಿನಲ್ಲಿ ಪಾಯಕ್ಕೆ ಹೆಚ್ಚು ಖರ್ಚು, ನಾಲೆ ಬಿಟ್ಟ ತಿಂಗಳು ಗೋಡೆಗೆ ತೇವ ಏರುತ್ತದೆ, ಸಂಜೆ ಸೊಳ್ಳೆ. ದುಡ್ಡು ಕೊಡುವ ಮುಂಚೆ ಒಮ್ಮೆ ಆಗಸ್ಟಿನಲ್ಲಿ, ನಾಲೆಯಲ್ಲಿ ನೀರಿರುವಾಗ, ಆ ಸೈಟಿನಲ್ಲಿ ನಿಂತು ನೋಡಿ.