ಹಸಿವು ಮುಗಿಯದ ಮಕ್ಕಳು: ಪ್ರಾಡರ್-ವಿಲ್ಲಿ ಸಿಂಡ್ರೋಮ್ ಬಗ್ಗೆ ದಾನಿಗಳಿಗೂ ಪೋಷಕರಿಗೂ



ಪ್ರತಿ ವರ್ಷ ಈ ವರದಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ಪಟ್ಟಿಯೇ ಹೆಚ್ಚು ಪುಟಗಳನ್ನು ತುಂಬುತ್ತದೆ. ಅದು ಸಂತೋಷದ ವಿಷಯವೇ. ಆದರೆ ನಮ್ಮ ಸಹಾಯ ಪಡೆಯುವ ಮನೆಗಳಲ್ಲಿ ಅಂಕಪಟ್ಟಿಯೊಳಗೆ ಸಿಗದ ಮಕ್ಕಳೂ ಇದ್ದಾರೆ. ಅವರಲ್ಲಿ ಒಂದು ಬಗೆಯ ಮಕ್ಕಳ ಬಗ್ಗೆ ಈ ಸಲ ವಿವರವಾಗಿ ಬರೆಯುತ್ತಿದ್ದೇವೆ. ಕಾರಣವಿದೆ. ಬೇರೆ ಮಕ್ಕಳಿಗೆ ನಾವು ಪ್ರೀತಿಯಿಂದ ಕೈಗಿಡುವ ಒಂದು ಸಮೋಸ, ಒಂದು ಹಿಡಿ ಖರ್ಜೂರ, ಈ ಮಕ್ಕಳಿಗೆ ಅಪಾಯವಾಗಬಹುದು.

ಕಾಯಿಲೆಯ ಹೆಸರು ಪ್ರಾಡರ್-ವಿಲ್ಲಿ ಸಿಂಡ್ರೋಮ್. 1956ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಪ್ರಾಡರ್, ಲ್ಯಾಬ್‌ಹಾರ್ಟ್, ವಿಲ್ಲಿ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಸುಮಾರು 15 ಸಾವಿರದಿಂದ 25 ಸಾವಿರ ಹೆರಿಗೆಗಳಿಗೆ ಒಂದು ಮಗುವಿನಲ್ಲಿ ಇದು ಕಂಡುಬರುತ್ತದೆ. ಅಪರೂಪವೆಂದರೆ ಅಪರೂಪ. ಆದರೆ ನಮ್ಮದರಷ್ಟು ಜನಸಂಖ್ಯೆಯ ದೇಶದಲ್ಲಿ ಅಪರೂಪದ ಕಾಯಿಲೆಯ ಮಕ್ಕಳೂ ಸಾವಿರಗಟ್ಟಲೆ ಆಗುತ್ತಾರೆ.

ಈ ಕಾಯಿಲೆ ಎರಡು ಮುಖಗಳಲ್ಲಿ ಬರುವುದರಿಂದ ಮನೆಯವರಿಗೆ ಬೇಗ ಗೊತ್ತಾಗುವುದಿಲ್ಲ. ಹುಟ್ಟಿದಾಗ ಮಗು ಹತ್ತಿಯ ಗೊಂಬೆಯ ಹಾಗೆ ಮೆತ್ತಗಿರುತ್ತದೆ. ಎತ್ತಿಕೊಂಡರೆ ಕೈಕಾಲು ಜೋತು ಬೀಳುತ್ತವೆ, ಅಳು ಕ್ಷೀಣ, ಹಾಲು ಚೀಪಲು ಶಕ್ತಿಯಿಲ್ಲ. ಮೂಗಿನ ನಳಿಕೆಯಲ್ಲೋ ಒಳಲೆಯಲ್ಲೋ ಹಾಲು ಹಾಕಿ ಬೆಳೆಸಬೇಕು. ಗಂಡು ಮಗುವಾದರೆ ವೃಷಣಗಳು ಕೆಳಗಿಳಿದಿರುವುದಿಲ್ಲ. ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು, ಮಾತು, ಎಲ್ಲವೂ ತಡ. ಆಮೇಲೆ ಒಂದೆರಡು ವರ್ಷದಲ್ಲಿ ಮಗು ಚೆನ್ನಾಗಿ ತಿನ್ನತೊಡಗುತ್ತದೆ. ಮೈ ತುಂಬಿಕೊಳ್ಳುತ್ತದೆ. ತಗಲಿದ್ದ ದೃಷ್ಟಿ ಬಿಟ್ಟಿತು ಎಂದು ಅಜ್ಜಿಯಂದಿರು ಸಮಾಧಾನಪಡುತ್ತಾರೆ, ವೈದ್ಯರ ಬಳಿ ಹೋಗುವುದು ನಿಲ್ಲುತ್ತದೆ. ಎರಡನೇ ಮುಖ ಶುರುವಾಗುವುದು ಆಗಲೇ. ತೂಕ ಮೊದಲು ಏರುತ್ತದೆ, ಹಸಿವು ಅದರ ಹಿಂದೆ ಬರುತ್ತದೆ. ಶಾಲೆಗೆ ಸೇರುವ ವಯಸ್ಸಿನ ಹೊತ್ತಿಗೆ ಅನೇಕ ಮಕ್ಕಳಿಗೆ ಊಟ ಮುಗಿದ ಮೇಲೂ ಹೊಟ್ಟೆ ತುಂಬಿದ ಅನುಭವ ಆಗುವುದೇ ಇಲ್ಲ.

ನಮಗೆಲ್ಲ ಉಂಡ ಮೇಲೆ ಸಾಕು ಎನಿಸುವುದು ಮಿದುಳಿನಿಂದ, ಅದರಲ್ಲೂ ಹೈಪೊಥಲಾಮಸ್ ಎಂಬ ಸಣ್ಣ ಭಾಗದಿಂದ. ಈ ಮಕ್ಕಳಲ್ಲಿ ಆ ಭಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಮಗು ಬೀರುವಿನಿಂದ ಸಕ್ಕರೆ ಕದ್ದರೆ, ನೆರೆಮನೆಗೆ ಹೋಗಿ ತಿನ್ನಲು ಕೇಳಿದರೆ, ಎಸೆದ ತಿಂಡಿ ಹೆಕ್ಕಿದರೆ, ಅದು ಹೊಟ್ಟೆಬಾಕತನವಲ್ಲ, ತಾಯಿ ಕಲಿಸದ ಶಿಸ್ತೂ ಅಲ್ಲ. ಹೊಡೆದರೆ, ಬೈದರೆ, ಉಪದೇಶ ಮಾಡಿದರೆ ಹಸಿವು ಇಳಿಯುವುದಿಲ್ಲ. ಇಷ್ಟರ ಮೇಲೆ ಸ್ನಾಯು ಕಡಿಮೆ ಇರುವ ಮೈಗೆ ಬೇಕಾದ ಆಹಾರವೂ ಕಡಿಮೆ. ಓರಗೆಯ ಮಕ್ಕಳು ತಿನ್ನುವುದರಲ್ಲಿ ಸುಮಾರು ಮೂರನೇ ಎರಡು ಪಾಲು ತಿಂದರೂ ತೂಕ ಏರಬಹುದು. ಏರಿದ ತೂಕ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ, ಹೃದಯದ ತೊಂದರೆಗಳನ್ನು ತರುತ್ತದೆ.

ಕಾರಣವನ್ನು ಸ್ವಲ್ಪ ಹೇಳಲೇಬೇಕು. ಕಾರಣ ಗೊತ್ತಿಲ್ಲದ ಮನೆಯಲ್ಲಿ ತಪ್ಪೆಲ್ಲ ಸೊಸೆಯ ತಲೆಗೆ ಬರುತ್ತದೆ. ಪ್ರತಿ ಮಗುವಿಗೂ ವರ್ಣತಂತುಗಳು ಜೋಡಿಯಾಗಿ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಪಾಠಪುಸ್ತಕದ ಎರಡು ಪ್ರತಿ ಇದ್ದಂತೆ. 15ನೇ ವರ್ಣತಂತುವಿನ ಒಂದು ಜಾಗದಲ್ಲಿ ಕೆಲವು ಪುಟಗಳು ತಾಯಿಯ ಪ್ರತಿಯಲ್ಲಿ ಸಹಜವಾಗಿಯೇ ಅಂಟಿಕೊಂಡಿರುತ್ತವೆ, ಓದಲು ಬರುವುದಿಲ್ಲ. ಎಲ್ಲ ಮನುಷ್ಯರಲ್ಲೂ ಹೀಗೇ. ಆ ಪುಟಗಳನ್ನು ದೇಹ ತಂದೆಯ ಪ್ರತಿಯಿಂದಲೇ ಓದುತ್ತದೆ. ತಂದೆಯ ಪ್ರತಿಯಲ್ಲಿ ಆ ಪುಟಗಳೇ ಕಳಚಿ ಹೋಗಿದ್ದರೆ ಪ್ರಾಡರ್-ವಿಲ್ಲಿ ಬರುತ್ತದೆ. ಸುಮಾರು ಮೂರನೇ ಎರಡು ಪಾಲು ಮಕ್ಕಳಲ್ಲಿ ಆಗಿರುವುದು ಇದು. ಉಳಿದ ಹೆಚ್ಚಿನವರಲ್ಲಿ ಎರಡೂ ಪ್ರತಿಗಳು ತಾಯಿಯಿಂದಲೇ ಬಂದಿರುತ್ತವೆ, ತಂದೆಯ ಪ್ರತಿ ಇರುವುದೇ ಇಲ್ಲ.

ಇದು ಬಹುತೇಕ ಆಕಸ್ಮಿಕ. ತಾಯಿ ಬಸುರಿಯಾಗಿದ್ದಾಗ ತಿಂದದ್ದರಿಂದ ಆದದ್ದಲ್ಲ, ಗ್ರಹಣ ನೋಡಿದ್ದರಿಂದಲೂ ಅಲ್ಲ. ತಂದೆಯ ದೋಷವೂ ಅಲ್ಲ. ರಕ್ತಸಂಬಂಧದ ಮದುವೆಯಿಂದ ಬಂತು ಎಂದು ಹಲವರು ತೀರ್ಪು ಕೊಡುತ್ತಾರೆ. ಥಲಸ್ಸೇಮಿಯಾದಂಥ ಕೆಲವು ಕಾಯಿಲೆಗಳಿಗೆ ಹತ್ತಿರದ ಸಂಬಂಧದ ಮದುವೆಯಿಂದ ಅಪಾಯ ಹೆಚ್ಚುವುದು ನಿಜ, ಆ ಎಚ್ಚರ ನಮ್ಮ ಸಮುದಾಯಕ್ಕೆ ಬೇಕು. ಆದರೆ ಈ ಕಾಯಿಲೆಗೆ ಆ ಕಾರಣ ಅನ್ವಯಿಸುವುದಿಲ್ಲ. ಮುಂದಿನ ಮಗುವಿಗೂ ಬರುವ ಸಾಧ್ಯತೆ ಹೆಚ್ಚಿನ ಕುಟುಂಬಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಕೆಲವೇ ಕುಟುಂಬಗಳಲ್ಲಿ ಮಾತ್ರ ಅರ್ಧಕ್ಕರ್ಧದವರೆಗೂ ಹೋಗಬಹುದು. ಯಾವ ಬಗೆ ಎಂದು ತಿಳಿಯದೆ ಇನ್ನೊಂದು ಮಗು ಬೇಡವೆಂದೋ ಬೇಕೆಂದೋ ನಿರ್ಧರಿಸಬೇಡಿ. ಡಿಎನ್‌ಎ ಮೆಥಿಲೇಶನ್ ಎಂಬ ರಕ್ತಪರೀಕ್ಷೆಯಲ್ಲಿ ಕಾಯಿಲೆ ಇದೆಯೋ ಇಲ್ಲವೋ ಎಂಬುದು ನೂರರಲ್ಲಿ 99ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಖಚಿತವಾಗುತ್ತದೆ. ಬಗೆ ಯಾವುದೆಂದು ನೋಡಲು ಅದರ ಮುಂದಿನ ಪರೀಕ್ಷೆಗಳಿವೆ.

ಈಗ ಮನೆಯ ವಿಷಯ. ಈ ಮಗುವಿರುವ ಮನೆಯಲ್ಲಿ ಅಡುಗೆಮನೆಗೆ, ಫ್ರಿಜ್ಜಿಗೆ ಬೀಗವಿರುವುದು ನಿಮಗೆ ಕಾಣಬಹುದು. ಹೊರಗಿನಿಂದ ಬಂದವರಿಗೆ ಇದು ಕಟುಕತನವಾಗಿ ತೋರುತ್ತದೆ. ನಾವು ಹಾಗೆ ನೋಡುವುದಿಲ್ಲ. ಎದುರಿಗೆ ಊಟವಿಟ್ಟು ಮುಟ್ಟಬೇಡ ಎನ್ನುವುದೇ ಈ ಮಗುವಿಗೆ ದೊಡ್ಡ ಹಿಂಸೆ. ಬೀಗ ಹಾಕಿದರೆ ಸಿಗುವುದಿಲ್ಲ ಎಂದು ಗೊತ್ತಾಗಿ ಮನಸ್ಸು ಸ್ವಲ್ಪ ತಣಿಯುತ್ತದೆ, ಆಟದ ಕಡೆ ತಿರುಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಬಂದೇ ಬರುತ್ತದೆ, ಅದರ ಹೊರತು ಬೇರೆಲ್ಲೂ ಸಿಗದು ಎಂಬುದು ಮಗುವಿಗೆ ಸ್ಪಷ್ಟವಾಗಿರಬೇಕು. ಊಟದ ಹೊತ್ತು, ತಟ್ಟೆಯಲ್ಲಿ ಏನು, ಎಷ್ಟು ಎಂಬುದನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಗೆ ಗೋಡೆಯೇ ಉತ್ತರ ಕೊಡುತ್ತದೆ. ತರಕಾರಿ ಪಲ್ಯ ಹೆಚ್ಚು, ಅನ್ನ ಕಡಿಮೆ, ಎಣ್ಣೆ ಸಕ್ಕರೆ ಮಿತ. ಅಳತೆಯನ್ನು ಮಾತ್ರ ಆಹಾರ ತಜ್ಞರಿಂದಲೇ ಕೇಳಿ, ಮಗುವನ್ನು ಸೊರಗಿಸುವುದು ಗುರಿಯಲ್ಲ. ದಿನವೂ ನಡೆಸಿ.

ಈ ನಿಯಮ ಮುರಿಯುವುದು ಬಹುಮಟ್ಟಿಗೆ ನೆಂಟರಿಂದ. ಮದುವೆಮನೆಯಲ್ಲಿ ಬಿರಿಯಾನಿಯ ಮುಂದೆ ಮಗು ಅತ್ತರೆ ಒಬ್ಬರಲ್ಲ ಒಬ್ಬರು, "ಪಾಪ, ಒಂದು ದಿನ ತಿನ್ನಲಿ ಬಿಡಿ" ಎನ್ನುತ್ತಾರೆ. ಒಂದು ದಿನದ ಆ ಸಡಿಲ ಮುಂದಿನ ಹಲವು ದಿನಗಳ ಹಟ, ಕಿರುಚಾಟಕ್ಕೆ ದಾರಿ. ರಮಝಾನ್ ತಿಂಗಳಂತೂ ಈ ತಾಯಂದಿರಿಗೆ ಕಷ್ಟದ ಕಾಲ. ಇಫ್ತಾರಿನ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಸಹಾಯ ಪಡೆಯುವ ಒಬ್ಬ ತಾಯಿ ಈ ವರ್ಷ ನಮ್ಮಲ್ಲಿ ಕೇಳಿದ್ದು ಹಣವನ್ನಲ್ಲ. ರಮಝಾನ್ ಕಿಟ್ಟಿನ ಸಕ್ಕರೆ, ಖರ್ಜೂರ, ಶಾವಿಗೆ, ಎಣ್ಣೆ ಒಟ್ಟಿಗೆ ಮನೆಗೆ ಬಂದರೆ ಬಚ್ಚಿಡಲು ಜಾಗವಿಲ್ಲ, ವಾರಕ್ಕಿಷ್ಟು ಎಂದು ಕೊಡುತ್ತೀರಾ ಎಂದು. ಹಾಗೆಯೇ ಕೊಟ್ಟೆವು. ಕಿಟ್ ಹಂಚುವ ಯುವಕರಿಗೆ ಇದು ನೆನಪಿರಲಿ. ಇಂಥ ಮಗುವಿಗೆ ಈದ್ ಉಡುಗೊರೆ ಕೊಡಬೇಕೆಂದರೆ ಬಣ್ಣದ ಪೆನ್ಸಿಲ್ ಅಥವಾ ಜಿಗ್‌ಸಾ ಪಝಲ್ ಕೊಡಿ. ಚೂರು ಜೋಡಿಸುವುದರಲ್ಲಿ ಈ ಮಕ್ಕಳಲ್ಲಿ ಹಲವರು ಅಣ್ಣ ಅಕ್ಕಂದಿರನ್ನೂ ಸೋಲಿಸುತ್ತಾರೆ!

ಕೆಲವು ಸಂಗತಿಗಳನ್ನು ನೆರೆಹೊರೆಯವರೂ ತಿಳಿದಿರಬೇಕು, ಪ್ರಾಣಕ್ಕೆ ಸಂಬಂಧಿಸಿದವು. ಈ ಮಕ್ಕಳಿಗೆ ನೋವು ತಿಳಿಯುವುದು ಕಡಿಮೆ. ಮೂಳೆ ಮುರಿದರೂ ಅಳದೆ ಓಡಾಡಬಹುದು. ದೊಡ್ಡ ಸೋಂಕಿದ್ದರೂ ಜ್ವರ ಬರದಿರಬಹುದು. ವಾಂತಿಯೂ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ವಾಂತಿ ಮಾಡಿದರೆ, ಹೊಟ್ಟೆ ಉಬ್ಬಿದರೆ, ಊಟ ಬೇಡವೆಂದರೆ, ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಕಣ್ಣು ತಪ್ಪಿಸಿ ಅತಿಯಾಗಿ ತಿಂದು ಜಠರ ಹಿಗ್ಗಿ ಒಡೆಯುವ ಸಂದರ್ಭ ಅಪರೂಪವಾದರೂ ಇದೆ. ಗಬಗಬನೆ ತಿಂದು ಗಂಟಲಿಗೆ ಸಿಕ್ಕಿಕೊಳ್ಳುವುದೂ ಇದೆ.

ಶಿಕ್ಷಕರಿಗೆ ಎರಡು ಮಾತು, ನಾವೂ ಅದೇ ವೃತ್ತಿಯವರು. ಬಿಸಿಯೂಟದ ಹೊತ್ತಿನಲ್ಲಿ ಈ ಮಗು ನಿಮ್ಮ ಪಕ್ಕದಲ್ಲಿ ಕೂರಲಿ, ಬೇರೆ ಮಕ್ಕಳ ಮೊಟ್ಟೆ, ಬಾಳೆಹಣ್ಣು ಕೈಗೆ ಸಿಗದಿರಲಿ. ಸರಿಯುತ್ತರಕ್ಕೆ ಚಾಕಲೇಟು ಕೊಡುವ ಪದ್ಧತಿ ಈ ತರಗತಿಯಲ್ಲಿ ಬೇಡ. ಹಗಲು ತೂಕಡಿಸುವುದು ಕಾಯಿಲೆಯ ಭಾಗ, ಸೋಮಾರಿತನವಲ್ಲ. ವೇಳಾಪಟ್ಟಿ ಬದಲಾಗುವುದಿದ್ದರೆ ಮೊದಲೇ ಹೇಳಿ, ದಿಢೀರ್ ಬದಲಾವಣೆಗೆ ಈ ಮಕ್ಕಳು ಸಿಡಿದುಬೀಳುತ್ತಾರೆ. ಲೆಕ್ಕ ಹೆಚ್ಚಿನವರಿಗೆ ಕಷ್ಟ. ಆದರೆ ಓದು, ಚಿತ್ರ ನೋಡಿ ನೆನಪಿಡುವುದು ಹಲವರಿಗೆ ಒಲಿಯುತ್ತದೆ.

ಕಾಯಿಲೆಯನ್ನು ವಾಸಿ ಮಾಡುವ ಮದ್ದಿಲ್ಲ. ಬೆಳವಣಿಗೆಯ ಹಾರ್ಮೋನಿನ ದಿನನಿತ್ಯದ ಚುಚ್ಚುಮದ್ದು ಎತ್ತರವನ್ನೂ ಸ್ನಾಯುಬಲವನ್ನೂ ಹೆಚ್ಚಿಸುತ್ತದೆ, ಹಸಿವನ್ನು ಇಳಿಸುವುದಿಲ್ಲ. ಅದಕ್ಕೆ ಮೊದಲು ನಿದ್ದೆಯ ಉಸಿರಾಟದ ಪರೀಕ್ಷೆ ಆಗಬೇಕು. ಹಸಿವಿಗೆಂದೇ ಒಂದು ಔಷಧಿಗೆ, ಡಯಾಝಾಕ್ಸೈಡ್ ಕೋಲಿನ್, 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಆದರೆ ಅದನ್ನು ನಂಬಿ ಅಡುಗೆಮನೆಯ ಬೀಗ ತೆಗೆಯುವ ಕಾಲ ಬಂದಿಲ್ಲ. ಹಾರ್ಮೋನಿನ ಖರ್ಚು ಸಾಧಾರಣ ಕುಟುಂಬದ ಕೈಮೀರಿದ್ದು. ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪ್ರಾಡರ್-ವಿಲ್ಲಿ ಮಕ್ಕಳ ಹಾರ್ಮೋನ್ ಚಿಕಿತ್ಸೆಯ ಹೆಸರಿದೆ. ಕರ್ನಾಟಕದಲ್ಲಿ ಇದಕ್ಕೆ ಗುರುತಿಸಿದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ವರದಿಗಳೊಂದಿಗೆ ಅಲ್ಲಿ ವಿಚಾರಿಸಿ.

ಪೋಷಕರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಈ ಸಿಂಡ್ರೋಮಿನ ಹೆಸರು ಪ್ರತ್ಯೇಕವಾಗಿ ಇಲ್ಲ. ಬೌದ್ಧಿಕ ವಿಕಲತೆಯ ವಿಭಾಗದಲ್ಲಿ ಕೇಳಬೇಕು. ಶೇ. 40ಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಬೌದ್ಧಿಕ ವಿಕಲತೆಯುಳ್ಳವರಿಗೆ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ.

ನಮ್ಮ ವಿದ್ಯಾರ್ಥಿವೇತನಕ್ಕೆ ಇಂಥ ಮಕ್ಕಳ ಪರವಾಗಿ ಅರ್ಜಿ ಹಾಕುವವರು ಅಂಕಗಳ ಕಾಲಂ ಖಾಲಿ ಬಿಡಬಹುದು. ಅದರ ಬದಲು ಶಾಲೆಯ ಅಥವಾ ವಿಶೇಷ ಶಾಲೆಯ ಹಾಜರಾತಿ ಪತ್ರ, ಯುಡಿಐಡಿ ಕಾರ್ಡಿನ ಪ್ರತಿ, ವೈದ್ಯರ ವರದಿ ಲಗತ್ತಿಸಿ. ಫಿಸಿಯೋಥೆರಪಿ, ಮಾತಿನ ತರಬೇತಿ, ಬೆಂಗಳೂರಿಗೆ ಹೋಗಿಬರುವ ಬಸ್ ಖರ್ಚನ್ನೂ ಶಿಕ್ಷಣ ವೆಚ್ಚದ ಸಾಲಿನಲ್ಲಿ ಬರೆಯಿರಿ. ಅರ್ಜಿ ತುಂಬಲು ಕಷ್ಟವಾದವರು ಕಚೇರಿಗೆ ಬಂದರೆ ನಾವೇ ಕುಳಿತು ತುಂಬಿಕೊಡುತ್ತೇವೆ. ಮಗುವನ್ನೂ ಕರೆತರಬಹುದು. ಆ ದಿನ ಕಚೇರಿಯಲ್ಲಿ ಚಹಾ, ಬಿಸ್ಕತ್ತು ಇಡುವುದಿಲ್ಲ.